ಕಪ್ಪು ಜೋಡಿ, ಮರದ ಜೋಡಿ

ನಮ್ಮ ಅಂಗಡಿಗೆ ಸ್ಪೀಕರ್ ತಗೊಳ್ಳಲಿಕ್ಕೆ ಬರುವವರು ಕಡಿಮೆ, ಎಂತಾದ್ರೂ ಒಂದು ಎಡವಟ್ಟು ಮಾಡಿ ಹೋಗ್ಲಿಕ್ಕೆ ಬರುವವರೇ ಜಾಸ್ತಿ. ನಾನು ಕರೆಯುವುದಲ್ಲ ಮಾರಾಯ್ರೆ, ಅವರಾಗಿಯೇ ಮೆಟ್ಟಿಲು ಹತ್ತಿ ಬರ್ತಾರೆ.

ಅಂಗಡಿ ಇರುವುದು ಕೊಡಿಯಾಲ್‌ಬೈಲಿನಲ್ಲಿ, ಒಂದನೇ ಮಹಡಿ. ಕೆಳಗೆ ಹಲ್ಲಿನ ಡಾಕ್ಟ್ರ ಕ್ಲಿನಿಕ್. ನಾನು ಓದಿದ ಕಾಲೇಜು ಕಿಟಕಿಯಿಂದ ಕಾಣ್ತದೆ. ಓದಿದ ಅಂತ ಹೇಳುವುದು ಮರ್ಯಾದೆಗೆ; ಎರಡನೇ ವರ್ಷದಲ್ಲೇ ಬಿಟ್ಟೆ. ಆಮೇಲೆ ಪಂಪ್‌ವೆಲ್‌ನಲ್ಲಿ ಮೊಬೈಲ್ ಅಂಗಡಿ, ಅದಾದ ನಂತರ ಟೈಲ್ಸ್ ಅಂಗಡಿ, ಯಾವುದರಲ್ಲೂ ಕೂತಲ್ಲಿ ಕೂರ್ಲಿಕ್ಕೆ ಆಗ್ಲಿಲ್ಲ. ಇಲ್ಲಿ ಮಾತ್ರ ಕೂತೆ. ಎಸಿ ಉಂಟು, ದೊಡ್ಡ ಸೋಫಾ ಉಂಟು, ಕೆಲಸ ಎಂತ ಅಂದ್ರೆ ದಿನವಿಡೀ ಪದ್ಯ, ಅಂದ್ರೆ ಹಾಡು, ಕೇಳುವುದು.

ತಲೆಬಿಸಿ ಆದದ್ದು ಎರಡು ಜೋಡಿ ಸ್ಪೀಕರಿನಿಂದ. ಒಂದು ಜೋಡಿ ಕಪ್ಪು, ಮುಖ ನೋಡಿ ಮೀಸೆ ಕತ್ತರಿಸಬಹುದು, ಅಷ್ಟು ಪಾಲಿಶ್. ಇನ್ನೊಂದು ಮರದ ಬಣ್ಣದ್ದು, ನಮ್ಮ ಅಜ್ಜಿಯ ಕಪಾಟಿನ ತಮ್ಮನ ಹಾಗೆ ಉಂಟು. ಎರಡೂ ಫಾರಿನ್‌ನಿಂದ ಬಂದದ್ದು, ಎರಡರ ರೇಟೂ ಒಂದೇ. ಆ ರೇಟಿಗೆ ಒಂದು ಸಣ್ಣ ಕಾರು ಬರ್ತದೆ. ಕಾರಾದ್ರೆ ಮಳೆ ಬಂದಾಗ ಒಳಗೆ ಕೂರ್ಲಿಕ್ಕಾದ್ರೂ ಆಗ್ತದೆ. ಬಂದವರು ಇದನ್ನು ಕೇಳ್ತಾರೆ, ಅದನ್ನು ಕೇಳ್ತಾರೆ, ಪುನಃ ಇದನ್ನು ಕೇಳ್ತಾರೆ, "ನೋಡುವ" ಅಂತ ಹೇಳಿ ಹೋಗ್ತಾರೆ. ಹಾಗೆ ಹೋದವರನ್ನು ಮತ್ತೆ ನಾನು ನೋಡ್ಲಿಲ್ಲ.

ಒಂದು ದಿನ ಅಂಗಡಿಯ ಧಣಿಗೆ ಸಾಕಾಯ್ತು. "ದೀಪಾವಳಿಯ ಒಳಗೆ ಇದ್ರಲ್ಲಿ ಒಂದು ಜೋಡಿ ಹೋಗ್ಬೇಕು. ಇಲ್ಲದಿದ್ರೆ ನೀನು ಹೋಗು," ಅಂದ್ರು. ನಾನು ಪೆದ್ದ, ಅದನ್ನು ಮನೆಯಲ್ಲಿ ಹೇಳಿದೆ. ಅಮ್ಮನಿಗೆ ಖುಷಿಯೋ ಖುಷಿ. ಮರುದಿನವೇ ಕಾಲೇಜಿಗೆ ಹೋಗಿ ನನ್ನನ್ನು ಪುನಃ ಸೇರಿಸುವ ಬಗ್ಗೆ ಮಾತಾಡಿ ಬಂದ್ರು. ಮೀಸೆ ಬಾರದ ಮಕ್ಕಳ ಜೊತೆ ಬೆಂಚಲ್ಲಿ ಕೂರುವುದನ್ನು ಯೋಚಿಸಿದ್ರೇ ನನಗೆ ಚಳಿಜ್ವರ. ಹಾಗಾಗಿ ಬಂದ ಗಿರಾಕಿಗಳನ್ನು ನಾನು ದೇವರ ಹಾಗೆ ನೋಡ್ಲಿಕ್ಕೆ ಶುರು ಮಾಡಿದೆ.

ಬಂಗುಡೆ ಪರೀಕ್ಷೆ

ಮೊದಲು ಬಂದದ್ದು ದುಬೈಯಿಂದ ರಜೆಯಲ್ಲಿ ಊರಿಗೆ ಬಂದ ಒಬ್ರು, ಜೊತೆಗೆ ಅವರ ಹೆಂಡತಿ. ಗಂಡ ಸೋಫಾದಲ್ಲಿ ಕಣ್ಣು ಮುಚ್ಚಿ ತಲೆ ಆಡಿಸ್ತಾ ಇದ್ರು. ಹೆಂಡತಿ, ಆ ಅಕ್ಕ, ಬಂದರಿನಲ್ಲಿ ಮೀನು ತಗೊಂಡು ಸೀದಾ ಬಂದದ್ದು, ಚೀಲ ನನ್ನ ಟೇಬಲಿನ ಅಡಿಯಲ್ಲೇ ಇತ್ತು.

"ಎರಡಕ್ಕೂ ರೇಟು ಒಂದೇ ಅಲ್ವಾ? ಹಾಗಾದ್ರೆ ಯಾವುದು ಫ್ರೆಶ್?" ಅಂತ ಕೇಳಿದ್ರು ಅಕ್ಕ.

ಸ್ಪೀಕರಿನ ಮೇಲ್ಭಾಗದಲ್ಲಿ ಸಣ್ಣ ರೇಷ್ಮೆಯ ಗುಬ್ಬಿ ಒಂದು ಇರ್ತದೆ, ಅಂಗಿಯ ಬಟನ್ನಿನ ಹಾಗೆ ಉಬ್ಬಿದ್ದು, ಟ್ವೀಟರ್ ಅಂತ; ಸಪೂರದ ಸ್ವರ ಎಲ್ಲ ಬರುವುದು ಅದರಿಂದ. ಅದನ್ನು ನಾವು ಉಸಿರು ಕೂಡ ತಾಗದ ಹಾಗೆ ಒರೆಸುವುದು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಕಪ್ಪು ಸ್ಪೀಕರಿನ ಆ ಗುಬ್ಬಿಯನ್ನು ಬಂಗುಡೆಯ ಹೊಟ್ಟೆ ಒತ್ತಿದ ಹಾಗೆ ಹೆಬ್ಬೆರಳಲ್ಲಿ ಒತ್ತಿದ್ರು. ಗುಬ್ಬಿ ಒಳಗೆ ಹೋಯ್ತು. ಹೊರಗೆ ಬರ್ಲಿಲ್ಲ.

"ನೋಡಿ, ಒತ್ತಿದ್ದು ಮೇಲೆ ಬರುವುದೇ ಇಲ್ಲ. ಹಳೇ ಮಾಲು!" ಅಂತ ಹೇಳಿ ಗಂಡನನ್ನು ಎಬ್ಬಿಸಿಕೊಂಡು ಹೋದ್ರು.

ಅದನ್ನು ಹೊರಗೆ ತರ್ಲಿಕ್ಕೆ ಧಣಿಗೆ ಗೊತ್ತಿದ್ದ ಉಪಾಯ ಒಂದೇ, ಬಾಯಿ ಇಟ್ಟು ಮೆಲ್ಲ ಎಳೆಯುವುದು. ನನ್ನ ಬಾಯಿಯ ಮೇಲೆ ಅವರಿಗೆ ನಂಬಿಕೆ ಇಲ್ಲ. ತಾವೇ ಬಗ್ಗಿ, ಸ್ಪೀಕರನ್ನು ಎರಡೂ ಕೈಯಲ್ಲಿ ತಬ್ಬಿ, ಕಣ್ಣು ಮುಚ್ಚಿ ತುಟಿ ಇಟ್ರು. ಸರಿಯಾಗಿ ಆಗಲೇ ಬಾಗಿಲು ತೆಗೆದು ಒಬ್ಬ ಗಿರಾಕಿ ಒಳಗೆ ಬರ್ಬೇಕಾ? ಅವರು ನಿಂತು ನೋಡಿದ್ರು. ಮತ್ತೆ ನನ್ನ ಹತ್ರ ಪಿಸುದನಿಯಲ್ಲಿ, "ಅವಸರ ಇಲ್ಲ. ಅವರದ್ದು ಆಗ್ಲಿ, ನಾನು ಆಮೇಲೆ ಬರ್ತೇನೆ," ಅಂದ್ರು.

ತಟ್ಟೆಗೆ ಬಿದ್ದದ್ದು

ಗುಬ್ಬಿ ಅಂತೂ ಹೊರಗೆ ಬಂದ ಮೇಲೆ ಹತ್ತಿರದ ದೇವಸ್ಥಾನದ ಭಟ್ರು ಬಂದ್ರು. ನಾನು ಪದ್ಯ ಹಾಕ್ಲಿಕ್ಕೆ ಹೋದೆ.

"ನಿನ್ನ ಪದ್ಯ ಬೇಡ ಮಾರಾಯ. ನಿಜವಾಗಿ ಹೇಗಿರ್ತದೆ ಅಂತ ನನಗೆ ಗೊತ್ತಿರುವ ಶಬ್ದ ಬೇರೆ ಉಂಟು," ಅಂತ ಹೇಳಿ ಚೀಲದಿಂದ ಪೂಜೆಯ ಗಂಟೆ, ಜಾಗಟೆ ಹೊರಗೆ ತೆಗೆದ್ರು. ಅದೇ ಗಂಟೆ, ಜಾಗಟೆಯನ್ನು ಫೋನಿನಲ್ಲಿ ರೆಕಾರ್ಡ್ ಕೂಡ ಮಾಡಿ ತಂದಿದ್ರು. ಕಪ್ಪಿನಲ್ಲಿ ಒಮ್ಮೆ ರೆಕಾರ್ಡಿಂಗ್, ಕೂಡ್ಲೇ ಅಸಲಿ. ಮರದ್ದರಲ್ಲಿ ಒಮ್ಮೆ, ಪುನಃ ಅಸಲಿ. ಗಂಟೆ ಅವರದ್ದು, ಜಾಗಟೆ ನನ್ನದು. ಸತ್ಯ ಹೇಳ್ಬೇಕಾದ್ರೆ ನನಗೂ ಸ್ವಲ್ಪ ಆವೇಶ ಬಂತು.

ನಿಲ್ಲಿಸಿ ನೋಡಿದ್ರೆ ಬಾಗಿಲಲ್ಲಿ ಹಲ್ಲಿನ ಡಾಕ್ಟ್ರ ಪೇಷಂಟುಗಳು ಚಪ್ಪಲಿ ಹೊರಗೆ ಬಿಟ್ಟು ಕೈಮುಗಿದು ನಿಂತಿದ್ದಾರೆ. ಒಬ್ಬನ ಬಾಯಿ ತುಂಬ ಹತ್ತಿ, ಮಾತಾಡ್ಲಿಕ್ಕೆ ಆಗುವುದಿಲ್ಲ, ಸುಮ್ಮನೆ ಬಲಗೈ ಚಾಚಿದ. ಭಟ್ರಿಗೂ ಅಭ್ಯಾಸಬಲ; ನನ್ನ ಬಾಟ್ಲಿಯ ನೀರು ಕೈಗೆ ಬಿಟ್ರು. ಯಾವ ದೇವರು ಅಂತ ಯಾರೂ ಕೇಳ್ಲಿಲ್ಲ.

"ಎರಡೂ ಗಂಟೆಯ ಹಾಗೆಯೇ ಕೇಳ್ತದೆ. ಆದ್ರೆ ಗಂಟೆ ನನ್ನ ಹತ್ರ ಉಂಟಲ್ಲ," ಅಂತ ಭಟ್ರು ಹೊರಟ್ರು. ಹತ್ತಿಯವ ಮಾತ್ರ ನಾವು ಗಿರಾಕಿಗಳಿಗೆ ಇಟ್ಟ ಬಿಸ್ಕೆಟ್ ತಟ್ಟೆಗೆ ಹತ್ತು ರೂಪಾಯಿ ಹಾಕಿ ಹೋದ. ಆ ವಾರದ ನಮ್ಮ ಒಟ್ಟು ಕಲೆಕ್ಷನ್ ಅದೇ.

ಶನಿವಾರದ ಡಾಕ್ಟ್ರು

ಇವರು ಹಲ್ಲಿನವರಲ್ಲ, ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿ ಮಾಡುವ ಡಾಕ್ಟ್ರು. ಪ್ರತಿ ಶನಿವಾರ ಬೆಳಿಗ್ಗೆ ಬರ್ತಾರೆ, ಸೋಫಾದಲ್ಲಿ ಕೂತು ಕಣ್ಣು ಮುಚ್ತಾರೆ. ಎಷ್ಟು ಶ್ರದ್ಧೆ ಅಂತ ನಾನು ಬೆರಗಾಗಿದ್ದೆ, ಗೊರಕೆ ಕೇಳುವವರೆಗೆ.

"ಸಾರ್, ಯಾವುದು ಒಳ್ಳೇದಾಯ್ತು?"

"ಮರದ್ದರಲ್ಲಿ ಬೇಗ ನಿದ್ದೆ ಬರ್ತದೆ. ಕಪ್ಪಿನಲ್ಲಿ ಕನಸೂ ಬೀಳ್ತದೆ. ಇನ್ನೊಮ್ಮೆ ಸರಿ ಕೇಳ್ಬೇಕು."

ಮುಂದಿನ ಶನಿವಾರ ತಲೆದಿಂಬು ತಂದ್ರು.

ಪಾಲು

ದೀಪಾವಳಿಗೆ ಇನ್ನು ಸ್ವಲ್ಪವೇ ದಿನ ಇರುವಾಗ ಬಂದದ್ದು ಒಬ್ರು ಅಣ್ಣ, ಒಬ್ರು ತಮ್ಮ. ಬಂದರಿನಲ್ಲಿ ಅಪ್ಪನ ಕಾಲದ ಅಕ್ಕಿ ಗೋದಾಮು. ಮನೆ ಪಾಲಾಗಿ ಕೆಳಗೆ ಅಣ್ಣ, ಮೇಲೆ ತಮ್ಮ. ಇಬ್ಬರಿಗೂ ನೇರ ಮಾತಿಲ್ಲ. ಒಟ್ಟಿಗೆ ಬಂದದ್ದು ಎರಡು ಜೋಡಿ ತಗೊಂಡ್ರೆ ಡಿಸ್ಕೌಂಟ್ ಸಿಗ್ತದೆ ಅಂತ.

"ಅವನಿಗೆ ಯಾವುದು ಬೇಕು ಅಂತ ಕೇಳು," ಅಂದ್ರು ಅಣ್ಣ, ನನ್ನನ್ನು ನೋಡಿ.

ತಮ್ಮ ಪಕ್ಕದಲ್ಲೇ ಕೂತಿದ್ರು. ಅವರೂ ನನ್ನನ್ನೇ ನೋಡಿ, "ದೊಡ್ಡವರು ಅವರು. ಮೊದಲು ಅವರೇ ಹೇಳ್ಲಿ," ಅಂದ್ರು.

ಇಬ್ಬರೂ ಹೇಳುವುದಿಲ್ಲ. ರೇಟು ಬೇರೆ ಬೇರೆ ಇದ್ದಿದ್ರೆ ಜಾಸ್ತಿ ರೇಟಿನದ್ದಕ್ಕೆ ಜಗಳ ಆಡಿಯಾದ್ರೂ ಮುಗೀತಿತ್ತು. ಇಲ್ಲಿ ರೇಟು ಒಂದೇ. ತಾನು ಆರಿಸಿದ ಮೇಲೆ ಮತ್ತೊಬ್ಬನಿಗೆ ಉಳಿದದ್ದೇ ಒಳ್ಳೇದು ಅಂತಾದ್ರೆ? ಒಂದೇ ತರದ್ದು ಎರಡು ಜೋಡಿ ಇಲ್ವಾ ಅಂತ ಕೇಳಿದ್ರು. ಇನ್ನು ಹಡಗಿನಲ್ಲಿ ಬರ್ಬೇಕು, ತಿಂಗಳುಗಟ್ಟಲೆ ಆಗ್ತದೆ ಅಂದೆ.

ಕಡೆಗೆ ಅಣ್ಣ ಎದ್ದು ನಿಂತ್ರು. "ಅಪ್ಪನ ಪಾತ್ರೆ ಪಾಲು ಮಾಡಿದ ಹಾಗೆ ಮಾಡುವ. ಒಂದೊಂದು ಜೋಡಿಯಲ್ಲಿ ಎರಡೆರಡು ಉಂಟಲ್ಲ? ನನಗೆ ಒಂದು ಕಪ್ಪು, ಒಂದು ಮರ. ಅವನಿಗೂ ಒಂದು ಕಪ್ಪು, ಒಂದು ಮರ."

"ಅದು ನ್ಯಾಯ," ಅಂದ್ರು ತಮ್ಮ.

"ಸಾರ್, ಅದು ಒಂದು ಕಾಲಿಗೆ ಬೂಟು, ಒಂದು ಕಾಲಿಗೆ ಹವಾಯಿ ಚಪ್ಪಲಿ..." ಅಂತ ನಾನು ಶುರು ಮಾಡಿದೆ. ಧಣಿ ನನ್ನ ಕಾಲು ತುಳಿದ್ರು.

ಸ್ಪೀಕರ್ ಮಾರಿಹೋಯ್ತು, ಕೆಲಸ ಉಳಿಯಿತು ಅಂತ ಅಮ್ಮನಿಗೆ ಹೇಳಿದೆ. ಅವರ ಮುಖ ಸಪ್ಪೆ. ಆದ್ರೆ ಎರಡೇ ದಿನದಲ್ಲಿ ಅಣ್ಣನ ಫೋನು.

"ಮರದ್ದು ಭಾರೀ ಪೊರ್ಲು, ಚಂದ ಹಾಡ್ತದೆ ಮಾರಾಯ. ಆ ಕಪ್ಪು ಮಾತ್ರ ಕಿರುಚ್ತದೆ. ಅದನ್ನು ತೆಗೆದು ಇನ್ನೊಂದು ಮರದ್ದು ತಾ. ಇಲ್ಲದಿದ್ರೆ ಎರಡೂ ವಾಪಸ್. ಮೇಲಿನವನಿಗೆ ಗೊತ್ತಾಗ್ಬಾರ್ದು ಆಯ್ತಾ?"

ಆ ಫೋನು ಇಟ್ಟ ಸ್ವಲ್ಪ ಹೊತ್ತಿಗೆ ತಮ್ಮನದ್ದು. "ಕಪ್ಪು ಅಂದ್ರೆ ಕಪ್ಪೇ! ಈ ಮರದ್ದು ಡಬ್ಬದ ಒಳಗೆ ಕೂತು ಹಾಡಿದ ಹಾಗೆ ಕೇಳ್ತದೆ. ಇನ್ನೊಂದು ಕಪ್ಪು ತಾ, ಇಲ್ಲದಿದ್ರೆ ವಾಪಸ್. ಕೆಳಗಿನವರಿಗೆ ಗೊತ್ತಾಗ್ಬಾರ್ದು."

ಧಣಿ ಬೆವರು ಒರೆಸಿಕೊಂಡ್ರು. ನಾನು ಹೇಳಿದೆ, "ಬೇರೆ ಪೀಸು ತರ್ತೇವೆ ಅಂತ ಇಬ್ಬರಿಗೂ ಹೇಳಿ. ಬಾಕಿ ನನಗೆ ಬಿಡಿ."

"ಸರಿಯಾದ್ರೆ ನೀನು ಇಲ್ಲೇ," ಅಂದ್ರು ಧಣಿ. "ಇಲ್ಲದಿದ್ರೆ ಕಿಟಕಿಯಿಂದ ಕಾಣ್ತದಲ್ಲ ನಿನ್ನ ಕಾಲೇಜು."

ನಾನೂ ವ್ಯಾನಿನ ಡ್ರೈವರಣ್ಣನೂ ಆ ಮನೆಗೆ ತಗೊಂಡು ಹೋದದ್ದು ಎರಡು ಖಾಲಿ ರಟ್ಟಿನ ಪೆಟ್ಟಿಗೆ ಮಾತ್ರ. ಕೆಳಗಿನ ಕಪ್ಪನ್ನು ಒಂದರಲ್ಲಿ ತುಂಬಿಸಿ ಹೊರಗಿನ ಮೆಟ್ಟಿಲಿನ ಅಡಿಯಲ್ಲಿ ಇಟ್ಟೆವು. ಮೇಲಿನ ಮರದ್ದನ್ನು ಇನ್ನೊಂದರಲ್ಲಿ ತುಂಬಿಸಿ ಇಳಿಸಿದೆವು. ವ್ಯಾನಿನಿಂದ ಇಳಿಸ್ತಾ ಇದ್ದೇವೆ ಅಂತ ಕಾಣ್ಲಿಕ್ಕೆ ಅಲ್ಲೇ ಸ್ವಲ್ಪ "ಹಿಡಿ, ಹಿಡಿ, ಮೆಲ್ಲ" ಅಂತ ಬೊಬ್ಬೆ ಹಾಕಿದೆವು. ಮತ್ತೆ ಮರ ಒಳಗೆ ಅಣ್ಣನಿಗೆ, ಕಪ್ಪು ಮೇಲೆ ತಮ್ಮನಿಗೆ. ಸೊಂಟ ಹೋಯ್ತು, ಆದ್ರೆ ಕಾಲೇಜು ತಪ್ಪಿತು.

ತಮ್ಮ ಒಂದು ಪದ್ಯ ಪೂರ್ತಿ ಕೇಳಿ, "ಹೊಸ ಪೀಸು ಅಂದ್ರೆ ಹೊಸ ಪೀಸೇ!" ಅಂದ್ರು. "ಪಾಪ, ಕೆಳಗೆ ಅವರು ಇನ್ನೂ ಒಂದು ಕಪ್ಪು ಒಂದು ಮರದಲ್ಲೇ ಕೇಳ್ತಾ ಇದ್ದಾರಲ್ಲ," ಅಂತ ನಗಾಡಿ ನಗಾಡಿ ಕಣ್ಣಲ್ಲಿ ನೀರು ತಂದುಕೊಂಡ್ರು. ನಾವು ಹೊರಟ ಹಾಗೆ ಖುಷಿಯಲ್ಲಿ ವಾಲ್ಯೂಮ್ ಪೂರ್ತಿ ಏರಿಸಿದ್ರು.

ಕೆಳಗೆ ಬಂದ್ರೆ ಅಣ್ಣ ಗೇಟಿನ ಹತ್ರ ಕಾಯ್ತಾ ಇದ್ರು. ನನ್ನ ಹೆಗಲ ಮೇಲೆ ಕೈ ಹಾಕಿ ಮೇಲೆ ತೋರಿಸಿದ್ರು.

"ಕೇಳ್ತದಾ? ಅದೇ ನೋಡು, ಜೋಡಿ ಸರಿ ಇಲ್ಲದಿದ್ರೆ ಇಲ್ಲಿ ಕೆಳಗಿನವರೆಗೂ ಗೊತ್ತಾಗ್ತದೆ."