ಗಿಣ್ಣು ಬಿಟ್ಟ ನೀರು

ಅಡುಗೆ ಕೆಟ್ಟರೆ ನಾವು ಹೆಂಗಸರು ಮೊದಲು ಹಾಲನ್ನು ಬಯ್ಯುತ್ತೇವೆ, ಆಮೇಲೆ ಒಲೆಯನ್ನು, ಆಮೇಲೆ ಕೈಗೆ ಸಿಕ್ಕ ಗಂಡಸರನ್ನು. ನಮ್ಮ ಸರದಿ ಬರುವುದರೊಳಗೆ ಊಟದ ಹೊತ್ತಾಗಿರುತ್ತದೆ. ಇದನ್ನು ಯಾರೆದುರೂ ಬಾಯಿಬಿಟ್ಟು ಹೇಳಲಾರೆ. ಫೋನಿನಲ್ಲಿ ಅಕ್ಷರ ಒತ್ತುವುದನ್ನು ಮೊನ್ನೆ ಮೊನ್ನೆ ಕಲಿತಿದ್ದೇನೆ, ಅದಕ್ಕೆ ಹೇಳಿಬಿಡುತ್ತೇನೆ.

ನಮ್ಮ ಯಜಮಾನರ ಅಕ್ಕ ಪುಟ್ಟಮ್ಮಣ್ಣಿ ಸಂತೆಮರಹಳ್ಳಿಯಿಂದ ಗುಂಡ್ಲುಪೇಟೆಯ ನಮ್ಮ ಮನೆಗೆ ಬಂದಿದ್ದರು. ಜ್ವರ ಬಿಟ್ಟು ಹದಿನೈದು ದಿನವಾದರೂ ಬಾಯಿಗೆ ಏನೂ ಸೇರದು. ಎರಡು ತುತ್ತು ತಿಂದು ತಟ್ಟೆ ಸರಿಸುವರು. ಕೊನೆಗೊಂದು ಬೆಳಿಗ್ಗೆ, ಅವ್ವ ಮಾಡುತ್ತಿದ್ದಂಥ ಗಿಣ್ಣು ಬೇಕು ಎಂದರು. ಅವ್ವ ಎಂದರೆ ನನ್ನ ಅತ್ತೆ. ಹಂಗಳ ಊರಿನ ನಮ್ಮ ಹಳೇ ಮನೆಯಲ್ಲಿ ಹಸು ಕರು ಹಾಕಿದರೆ ಅತ್ತೆ ನನ್ನನ್ನು ಒಲೆಯ ಹತ್ತಿರ ಸೇರಿಸುತ್ತಿರಲಿಲ್ಲ. ಮೊದಲು ಬೆಲ್ಲ, ಏಲಕ್ಕಿಯ ಘಮ ನಡುಮನೆಗೆ ಬರುವುದು, ಆಮೇಲೆ ತಟ್ಟೆಯಲ್ಲಿ ಕೊಯ್ದ ತುಂಡುಗಳು. ಒಂದು ಹನಿ ನೀರಿಲ್ಲ, ಒಂದು ತೂತಿಲ್ಲ. ಐವತ್ತು ವರ್ಷ ಆ ತುಂಡಿಗೆ ಹೆದರಿಕೊಂಡೇ ನಾನು ಗಿಣ್ಣು ಮಾಡಿದ್ದೇನೆ.

ಪುಣ್ಯಕ್ಕೆ ಪಕ್ಕದ ಮನೆಯ ಹಸು ಕರು ಹಾಕಿ, ನಮಗೂ ಗಿಣ್ಣುಹಾಲು ಬಂತು. ಒಂದೇ ಚೊಂಬು. ಕೆಟ್ಟರೆ ಇನ್ನೊಂದಿಲ್ಲ. ಬೆಲ್ಲ, ಏಲಕ್ಕಿ ಹಾಕಿ ಹಬೆಗಿಟ್ಟು, ಉರಿ ಸಣ್ಣ ಮಾಡುವುದು ಬಿಟ್ಟು, ಗಿಣ್ಣು ಆಗಿದೆ ಬನ್ನಿ ಎಂದು ಫೋನಿನಲ್ಲಿ ಮನೆಯವರ ಗ್ರೂಪಿಗೆ ಬರೆಯುತ್ತ ಕೂತೆ. ಅಷ್ಟು ಬರೆಯುವುದರೊಳಗೆ ಒಲೆಯ ಮೇಲಿದ್ದದ್ದು ಗಟ್ಟಿಯಾಗಿ, ತೂತು ಬಿದ್ದು, ಸುತ್ತ ಒಂದು ಲೋಟ ನೀರು ಬಿಟ್ಟುಕೊಂಡಿತ್ತು.

ಮೊಮ್ಮಗಳು ಸಿಂಚನಾ ಇಣುಕಿದಳು. ಮೈಸೂರಿನಲ್ಲಿ ಅವಳ ಓದೇ ಇದು: ಪ್ರೋಟೀನಿನ ಸುತ್ತ ನೀರಿನ ಕಣಗಳು ಎಷ್ಟು ಬಿಸಿಗೆ ಹೇಗೆ ಓಡಾಡುತ್ತವೆ ಎಂದು ನೋಡುವುದು. ತಣ್ಣಗಿದ್ದಾಗ ಅದರ ಮೈಗೆ ಅಂಟಿಕೊಂಡು ಮೆಲ್ಲಗೆ ಜರುಗುತ್ತವಂತೆ. ಬಿಸಿ ಏರಿದರೆ, ಊಟಕ್ಕೆ ಎಲೆ ಹಾಕಿದರು ಎಂದಾಗ ನೆಂಟರು ಏಳುವಂತೆ, ದಡಬಡ ಜಾಗ ಬದಲಿಸುತ್ತವಂತೆ. ಇನ್ನಷ್ಟು ಕಾದರೆ ಮಡಿಸಿಕೊಂಡಿದ್ದ ಪ್ರೋಟೀನು ಬಿಚ್ಚಿ, ಒಂದಕ್ಕೊಂದು ಹೆಣೆದುಕೊಂಡು, ನಡುವೆ ನೀರನ್ನು ಹಿಡಿದಿಡುತ್ತದೆ. ಅದೇ ಗಿಣ್ಣಿನ ಹದ. ಅದನ್ನೂ ಮೀರಿದರೆ ಹೆಣಿಗೆ ಬಿಗಿದು ನೀರನ್ನು ಹಿಂಡಿ ಹೊರಗೆ ಹಾಕುತ್ತದೆ. ಹಾಲಿನದೇನೂ ತಪ್ಪಿಲ್ಲ, ಉರಿ ಜಾಸ್ತಿಯಾಗಿದೆ ಎಂದಳು. ಬಯ್ಯಲು ಹಾಲೂ ಇಲ್ಲದಂತಾಯಿತು.

ಅವಳನ್ನು ತಟ್ಟೆ ತರಲು ಕಳಿಸಿ, ನೀರನ್ನೆಲ್ಲ ಲೋಟಕ್ಕೆ ಬಗ್ಗಿಸಿದೆ. ಬೆಲ್ಲದ ನೀರು, ಚೆಲ್ಲಲು ಮನಸ್ಸಾಗಲಿಲ್ಲ. ಬಾಗಿಲ ಮರೆಯಲ್ಲಿ ನಿಂತು ಗಟಗಟ ಕುಡಿದುಬಿಟ್ಟೆ. ತುಂಡುಗಳನ್ನು ಬಟ್ಟೆಯಲ್ಲಿ ಒತ್ತಿ, ಒಂದು ಹನಿಯೂ ಕಾಣದಂತೆ ಮಾಡಿ ಅಕ್ಕನ ಮುಂದಿಟ್ಟೆ.

ಅಕ್ಕ ಒಂದು ಚೂರು ಬಾಯಿಗಿಟ್ಟುಕೊಂಡರು. ತಟ್ಟೆಯನ್ನು ಓರೆ ಮಾಡಿ ನೋಡಿದರು.

“ನೀರೆಲ್ಲಮ್ಮಿ?”

ಯಾವ ನೀರಕ್ಕಾ ಎಂದೆ.

“ಗಿಣ್ಣು ಬುಟ್ಕತದಲ್ಲ, ಅದು. ನಾ ತವರ್ಗೆ ಬಂದಾಗೆಲ್ಲ ಅವ್ವ ತುಂಡ ನಿಮ್ಗೆ ಕಳ್ಸ್‌ಬುಟ್ಟು, ಆ ನೀರ ನಂಗೊಬ್ಳಿಗೆ ಲೋಟದಲ್ಲಿ ಕೊಡ್ತಿದ್ಲು ಕಣಮ್ಮಿ. ಅದ ಕುಡೀಬೇಕು ಅಂತಾನೇ ಕೇಳಿದ್ದು ನಾನು.”

ಅತ್ತೆಯ ಗಿಣ್ಣೂ ನೀರು ಬಿಡುತ್ತಿತ್ತು ಎಂದು ನಾನು ಕುಣಿಯಬೇಕಿತ್ತು. ಸಿಂಚನಾ ಬೇರೆ, ಎಷ್ಟು ನೀರು ಬಿಟ್ಟಿತ್ತು, ಎಲ್ಲಿ ಹಾಕಿದೆ ಅಜ್ಜಿ ಎಂದು ಆಸೆಯಿಂದ ಕೇಳಿದಳು. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ಏನಾದರೊಂದು ಸುಳ್ಳು ಹೇಳೋಣವೆಂದು ಬಾಯಿ ತೆರೆದೆ. ಸುಳ್ಳಿಗಿಂತ ಮೊದಲು ಏಲಕ್ಕಿಯ ತೇಗು ಬಂತು.