ನಮ್ಮ ಭಾವನ ಚೀಟಿ ಪುರಾಣ

ನಮ್ಮ ಭಾವನ ಕೈಗೆ ಒಂದು ಚಮಚ ಕೊಟ್ಟು ನೋಡಿ. ಉಪ್ಪಿಟ್ಟು ತಣ್ಣಗಾದರೂ ಚಿಂತೆಯಿಲ್ಲ, ಆ ಚಮಚ ಯಾವುದಕ್ಕೆ, ಯಾವುದಕ್ಕಲ್ಲ ಎಂದು ನಾಲ್ಕು ಸಾಲು ಬರೆಯದಿದ್ದರೆ ಅವರಿಗೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ! ಉತ್ಪ್ರೇಕ್ಷೆ ಎಂದುಕೊಂಡಿರಾ? ಹಾಗಾದರೆ ಒಮ್ಮೆ ಭದ್ರಾವತಿಯ ನ್ಯೂ ಟೌನಿನಲ್ಲಿರುವ ನಮ್ಮಕ್ಕನ ಮನೆಗೆ ಬನ್ನಿ. ಕಾಲಿಂಗ್ ಬೆಲ್ಲಿನ ಕೆಳಗೇ ಚೀಟಿ ಇದೆ: "ಮನೆಯವರನ್ನು ಕರೆಯಲು. ಒಮ್ಮೆ ಒತ್ತಿದರೆ ಸಾಕು. ಒಳಗಿಂದ 'ಬಂದೆ' ಎಂಬ ಉತ್ತರ ಬರುತ್ತದೆ. ಬಾರದಿದ್ದರೆ ಕರೆಂಟಿಲ್ಲ, ಬಾಗಿಲು ತಟ್ಟಿ."

ಹುಚ್ಚಲ್ಲ, ಅವರ ಉದ್ಯೋಗವೇ ಅದು. ಹಳೆಯ ಪ್ರೋಗ್ರಾಮುಗಳನ್ನು ಬರೆದವರು ಎಲ್ಲೋ ಹೋಗಿರುತ್ತಾರೆ, ಹೇಗೆ ಬರೆದರು ಎಂದು ಹೇಳುವವರಿರುವುದಿಲ್ಲ. ಅಂಥದ್ದನ್ನು ಬಿಚ್ಚಿ ಒಳಗೇನಿದೆ ಎಂದು ಕಂಡುಹಿಡಿಯುವುದಕ್ಕೆ ರಿವರ್ಸ್ ಎಂಜಿನಿಯರಿಂಗ್ ಎನ್ನುತ್ತಾರಂತೆ. "ಹೋಳಿಗೆ ತಿಂದು ಹೂರಣಕ್ಕೆ ಏನೇನ್ ಹಾಕಿದಾರೆ ಅಂತ ಹೇಳ್ತೀಯಲ್ಲ, ಅದೇ ಮಾರಾಯ್ತಿ" ಎಂದು ಭಾವ ನನಗೆ ಬಿಡಿಸಿ ಹೇಳಿದ್ದರು. ಈಗ ಆ ಕೆಲಸವನ್ನು ಎ.ಐ. ಏಜೆಂಟ್ ಎಂಬ ಕಂಪ್ಯೂಟರಿನ ಜಾಣ ಪ್ರೋಗ್ರಾಮು ಮಾಡುತ್ತದೆ. ಅದರ ಕೈಯಲ್ಲಿ ಹುಡುಕುವ ಟೂಲ್, ಬಿಡಿಸಿ ಓದುವ ಟೂಲ್, ಹೆಸರಿಡುವ ಟೂಲ್ ಎಂದು ಹತ್ತಾರು. ಯಾವುದನ್ನು ಯಾವಾಗ ಎತ್ತಿಕೊಳ್ಳಬೇಕೆಂದು ಅದಕ್ಕೆ ತಿಳಿಯುವುದು ಪ್ರತಿ ಟೂಲಿಗೂ ಅಂಟಿಕೊಂಡ ವಿವರಣೆಯಿಂದ. ಯಾವುದಕ್ಕೆ, ಯಾವುದಕ್ಕಲ್ಲ, ಏನು ವಾಪಸ್ ಬರುತ್ತದೆ ಎಂದು ಆ ವಿವರಣೆ ಬರೆಯುವವರು ನಮ್ಮ ಭಾವ. ಪಾಪ, ಏಜೆಂಟಿಗೆ ನಿನ್ನೆಯದು ನೆನಪಿರುವುದಿಲ್ಲ, ಪ್ರತಿ ಸಲ ಹೊಸದಾಗಿ ಓದಿಕೊಂಡೇ ಶುರುಮಾಡಬೇಕು.

ಒಮ್ಮೆ ಭಾವ ಒಂದು ಟೂಲಿಗೆ "ಹೆಸರುಗಳ ಕೆಲಸಕ್ಕೆ" ಎಂದಷ್ಟೇ ಬರೆದು ಎದ್ದುಬಿಟ್ಟರು. ಅದು ಹೆಸರು ಬದಲಾಯಿಸುವ ಟೂಲ್. ಏಜೆಂಟ್ ಒಳಗಿನ ಹೆಸರುಗಳನ್ನು ಬರೀ ಓದಿನೋಡೋಣವೆಂದು ಅದನ್ನೇ ಎತ್ತಿಕೊಂಡು ಇಡೀ ಪ್ರೋಗ್ರಾಮಿಗೆ ಮರುನಾಮಕರಣ ಮಾಡಿ ಕುಳಿತಿತು! ಆಫೀಸಿನವರೆಲ್ಲ ಅದಕ್ಕೆ ಬುದ್ಧಿಯಿಲ್ಲ ಎಂದು ಬೈದರು. ಭಾವ ಮಾತ್ರ, "ತಪ್ಪು ಅದರದ್ದಲ್ಲ, ನಾನು ಬರೆದಿದ್ದು ಸರಿಯಿಲ್ಲ" ಎಂದು ಮತ್ತೆ ಬರೆಯಲು ಕೂತರು.

"ಕೇಳಿಸ್ಕೊಂಡ್ಯೇನೇ?" ಎಂದಳು ಅಕ್ಕ, ಭಾವ ಮನೆಯಲ್ಲಿ ಇದನ್ನು ಹೇಳಿದಾಗ. "ನನ್ನ ಸಾರಿಗೆ ಉಪ್ಪು ಜಾಸ್ತಿಯಾದ ದಿನ ಈ ಮಾತು ಇವರ ಬಾಯಲ್ಲಿ ಬರಲ್ಲ ನೋಡು."

ಆಫೀಸಿನ ಈ ಚಾಳಿ ಮನೆಗೂ ಹಬ್ಬಿತು. ಮಿಕ್ಸಿಯ ಮೇಲೆ: "ಚಟ್ನಿಗೆ. ದೋಸೆ ಹಿಟ್ಟಿಗಾದರೆ ಪಕ್ಕದ ಗ್ರೈಂಡರ್. ಮುಚ್ಚಳ ಹಾಕದೆ ಒತ್ತಿದರೆ ಚಟ್ನಿ ಗೋಡೆಗೆ ಸಿಗುತ್ತದೆ, ನಿಮಗಲ್ಲ." ತಾಳ್ಮೆಗೆಟ್ಟ ಅಕ್ಕ ಒಂದು ದಿನ ಭಾವನ ಬೆನ್ನಿಗೇ ಚೀಟಿ ಅಂಟಿಸಿದಳು: "ಮಾತಾಡಲು ಮಾತ್ರ. ತರಕಾರಿಗೆ ಕಳಿಸಬೇಡಿ, ಬದನೆ ಕೇಳಿದರೆ ಬೆಂಡೆ ಬರುತ್ತದೆ." ಅವರು ಅದೇ ಅಂಗಿಯಲ್ಲಿ ಜನ್ನಾಪುರದವರೆಗೂ ಹೋಗಿಬಂದರು. ಸಿಟ್ಟಾದರಾ? ಎಲ್ಲಿ! ಚೀಟಿ ಓದಿ, "ಏನ್ ವಾಪಸ್ ಬರುತ್ತೆ ಅಂತ ಬರೆದಿದೀಯಲ್ಲ, ಭೇಷ್" ಎಂದರು.

ಆ ಮನೆಯಲ್ಲಿ ಕಾಫಿ ಮಾತ್ರ ಭಾವನ ತಾಯಿಯ ಇಲಾಖೆ. ಅಕ್ಕನಂತೆ ನಾನೂ ಅವರನ್ನು ಅತ್ತೆ ಎಂದೇ ಕರೆಯುವುದು. ಇತ್ತೀಚೆಗೆ ಅತ್ತೆಗೆ ಮರೆವು ಹತ್ತಿದೆ. ಕಾಫಿಗೆ ಉಪ್ಪು ಬಿದ್ದ ದಿನ ನಾವೆಲ್ಲ ಕಣ್ಣುಮುಚ್ಚಿ ಕುಡಿದೆವು. ಆದರೆ ಹಾಲು ಉಕ್ಕಿ ಒಲೆ ಆರಿ, ಗ್ಯಾಸ್ ವಾಸನೆ ಹಜಾರದವರೆಗೂ ಬಂದ ದಿನ ಯಾರಿಗೂ ನಗು ಬರಲಿಲ್ಲ. ಸುದ್ದಿ ಕೇಳಿ ಶಿವಮೊಗ್ಗದ ನವುಲೆಯಿಂದ ಭಾವನ ತಂಗಿ ಓಡಿಬಂದಳು. "ಅಣ್ಣಾ, ಅಮ್ಮನ್ನ ಇನ್ನು ಒಲೆ ಹತ್ರ ಬಿಡಬೇಡ" ಎಂದವಳು, ತಾನೇ ಕೆಂಪು ಮಸಿಯಲ್ಲಿ "ಅಪಾಯ! ಮುಟ್ಟಲೇಬಾರದು!" ಎಂದು ಬರೆದು ಅಡುಗೆಮನೆ ಬಾಗಿಲಿಗೆ ಅಂಟಿಸಿದಳು. ಮುಂದಿನ ಭಾನುವಾರ ಬರುವಷ್ಟರಲ್ಲಿ ಇನ್ನೇನಾದರೂ ಎಡವಟ್ಟಾಗಿದ್ದರೆ ಅಡುಗೆಮನೆಗೆ ಬೀಗ ಎಂದೂ ಹೇಳಿ ಹೋದಳು.

ಮರುದಿನ ನಾನು ಹೋದಾಗ ಅತ್ತೆ ಖಾಲಿ ಲೋಟ ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದರು. ನೀರಿಗೂ ಒಳಗೆ ಹೋಗಿರಲಿಲ್ಲ.

"ಯಾರದೋ ಅಡುಗೆಮನೆ ಕಣಮ್ಮ" ಎಂದರು ಮೆಲ್ಲಗೆ. "ನಾವು ಮುಟ್ಟಬಾರ್ದಂತೆ."

ಹಿಂದೆಯೇ ನಿಂತಿದ್ದ ಭಾವ ಒಳಗೆ ಹೋಗಿ ಕೆಂಪು ಚೀಟಿಯನ್ನು ಕಿತ್ತರು. "ಏಜೆಂಟಿಗೂ ಒಂದ್ಸಲ ಹಿಂಗೇ ಗದರಿಸಿ ಬರೆದಿದ್ದೆ ಮಾರಾಯ್ತಿ. ಆಮೇಲೆ ಬೇಕಾದಾಗಲೂ ಅದು ಆ ಟೂಲ್ ಮುಟ್ಟಲೇ ಇಲ್ಲ" ಎಂದರು. "ತಪ್ಪು ಅಮ್ಮಂದಲ್ಲ."

"ಚೀಟಿ ಬದಲಾಯಿಸಿದರೆ ಗ್ಯಾಸ್ ಸೋರೋದು ನಿಲ್ಲುತ್ತಾ ಭಾವ?" ಎಂದೆ.

"ಇಲ್ಲ. ಟೂಲೇ ಅಪಾಯದ್ದಾದರೆ ಬರೆದು ಪ್ರಯೋಜನ ಇಲ್ಲ, ಅದನ್ನೇ ಬದಲಾಯಿಸ್ಬೇಕು" ಎಂದವರೇ ಪೇಟೆಗೆ ಹೋಗಿ ತಾನಾಗಿ ಆಫ್ ಆಗುವ ಇಂಡಕ್ಷನ್ ಒಲೆ ತಂದರು. ಗ್ಯಾಸ್ ಸಿಲಿಂಡರನ್ನು ರೆಗ್ಯುಲೇಟರಿನಲ್ಲೇ ಬಂದ್ ಮಾಡಿಡುವುದು ಅಕ್ಕನ ಪಾಲಿಗೆ ಬಂತು. ಆಮೇಲೆ ಚೀಟಿ ಬರೆಯುವುದು, ಅತ್ತೆ ಎಲ್ಲಿ ತಡವರಿಸುತ್ತಾರೆಂದು ನೋಡುವುದು, ಹರಿದು ಮತ್ತೆ ಬರೆಯುವುದು.

ಭಾನುವಾರ ತಂಗಿ ಬಂದಳು. ನಾವೆಲ್ಲ ಅಡುಗೆಮನೆ ಬಾಗಿಲಲ್ಲಿ ನಿಂತೆವು. ಅತ್ತೆ ಒಂದು ಡಬ್ಬಕ್ಕೆ ಕೈ ಹಾಕಿ ಗಟ್ಟಿಯಾಗಿ ಓದಿದರು: "ಇದು ಉಪ್ಪು. ಕಾಫಿಗೆ ಬೇಕಾದ್ದು ಎಡಗಡೆಯ ಡಬ್ಬದಲ್ಲಿದೆ." ಕೈ ಎಡಕ್ಕೆ ಸರಿಯಿತು. "ಸಕ್ಕರೆ. ಅನುಮಾನ ಬಂದರೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳಿ." ಹಾಕಿಕೊಂಡರು. ಅನುಮಾನ ಹೋಗಲಿಲ್ಲವೇನೋ, ಇನ್ನೊಂದು ಚಿಟಿಕೆಯೂ ಹೋಯಿತು! ಒಲೆಯ ಮೇಲೆ: "ಹಾಲು ಕಾಯಿಸಲು. ಪಾತ್ರೆ ಇಟ್ಟು ಹಸಿರು ಚುಕ್ಕಿ ಒತ್ತಿ. ತಾನಾಗಿ ಆಫ್ ಆಗುತ್ತದೆ. ಮರೆತರೂ ಪರವಾಗಿಲ್ಲ."

ಕಾಫಿ ಬಂತು. ತಂಗಿ ಒಂದು ಗುಟುಕು ಕುಡಿದಳು, ಮತ್ತೊಂದು ಕುಡಿದಳು. "ಅಮ್ಮನ ಕಾಫಿನೇ" ಎಂದಳು. ಬೀಗದ ಸುದ್ದಿ ಎತ್ತಲಿಲ್ಲ.

ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಭಾವನನ್ನೇ ಕೇಳಿದರು. "ಇದನ್ನೆಲ್ಲ ಯಾರೋ ಬರೆದಿದ್ದು?"

ಕಾಲಿಂಗ್ ಬೆಲ್ಲಿಗೂ ನಾಲ್ಕು ಸಾಲು ಬರೆದ ಮನುಷ್ಯ ತನ್ನ ಲೋಟದೊಳಗೆ ನೋಡಿದರು. "ಯಾರೋ ಇರ್ಬೇಕಮ್ಮ" ಎಂದರು.

"ಯಾರಾದರಾಗಲಿ, ಒಳ್ಳೆಯವನು ಕಣೋ" ಎಂದರು ಅತ್ತೆ. "ಎಲ್ಲೂ ಬೈದಿಲ್ಲ."

ಭಾವ ಲೋಟವನ್ನು ಅಲ್ಲೇ ಇಟ್ಟು ಹಿತ್ತಲಿಗೆ ನಡೆದರು. ಅಕ್ಕ ಅವರ ಹಿಂದೆ ಹೋದಳು, ನಾನು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಅತ್ತೆ ಮಾತ್ರ ಬಾಗಿಲಲ್ಲಿ ನಿಂತು ಕೂಗುತ್ತಲೇ ಇದ್ದರು: "ಬಾರೋ ಪುಟ್ಟಾ, ಕಾಫಿ ತಣ್ಣಗಾಗುತ್ತೆ."