ಎಮ್ಮೆಯ ಪ್ರಸಾದ

ದನವೇ ಹುಲ್ಲು ಅರಗಿಸಿಕೊಳ್ಳುತ್ತದೆ ಎಂದು ನಂಬಿದವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಪ್ರಾಣಿಶಾಸ್ತ್ರ ಓದಿ ನಾನು ಆ ನೆಮ್ಮದಿ ಕಳೆದುಕೊಂಡೆ. ಅರಗಿಸುವುದು ಅದರ ಹೊಟ್ಟೆಯೊಳಗೆ ಕಣ್ಣಿಗೆ ಕಾಣದೆ ದುಡಿಯುವ ಬ್ಯಾಕ್ಟೀರಿಯಾಗಳು. ಹೆಸರು ಮಾತ್ರ ದನದ್ದು. ಗಡಿಯ ಹಳ್ಳಿ ಗುಂಜೋಟಿಗೆ ಸೊಸೆಯಾಗಿ ಬಂದ ಮೇಲೆ ಈ ಪಾಠ ಇನ್ನೂ ಚೆನ್ನಾಗಿ ಅರ್ಥವಾಯಿತು.

ಪೋಳಾ ಎತ್ತುಗಳಿಗೆ ಹೋಳಿಗೆ ತಿನ್ನಿಸುವ ಹಬ್ಬ. ಆದರೆ ಓಣಿಯಲ್ಲಿ ಎತ್ತು ಹೋಗಿ ಟ್ರ್ಯಾಕ್ಟರ್ ಬಂದಿದೆ, ಟ್ರ್ಯಾಕ್ಟರ್ ಹೋಳಿಗೆ ತಿನ್ನುವುದಿಲ್ಲ. ಹೀಗಾಗಿ ಎಲ್ಲರೂ ನಮ್ಮ ಆಕಳು ಗೌರಿಗೇ ತಿನ್ನಿಸಿ ಪುಣ್ಯ ಕಟ್ಟಿಕೊಂಡರು. "ಬ್ಯಾಡ್ರಿ, ಹೊಟ್ಟಿ ಹುಳಿಯಾಗಿ ಒಳಗಿನ ಜೀವಿ ಸಾಯ್ತಾವ" ಎಂದೆ. "ಕೇಳ್ರೆವ್ವಾ, ಆಕಳಂದ್ರ ಲಕ್ಷ್ಮಿ, ಲಕ್ಷ್ಮಿ ಹೊಟ್ಟ್ಯಾಗ ಹುಳಾ ಅದಾವಂತ!" ಎಂದು ಅತ್ತೆ ಓಣಿಯ ಹೆಂಗಸರನ್ನು ನಗಿಸಿದರು. ಮರುದಿನ ಗೌರಿ ಮೇವು ಬಿಟ್ಟು, ಮೆಲುಕು ನಿಲ್ಲಿಸಿ, ಕತ್ತು ಚಾಚಿ ಮಲಗಿತು. ತಾಲೂಕಿನ ಊರು ಉಮರ್ಗಾದಿಂದ ಬಂದ ದನದ ಡಾಕ್ಟರು ಔಷಧ ಕುಡಿಸಿ, "ಒಳಗಿನವು ಸತ್ತಾವ. ಛಲೋ ಇರೋ ದನದ ಬಾಯಿಂದ ಮೆಲಕಿನ ಉಂಡಿ ತಗದು ಇದಕ್ಕ ತಿನ್ನಸ್ರಿ. ಇಲ್ಲಾಂದ್ರ ಕಠೀಣ ಅದ" ಎಂದು ಹೊರಟರು. ಹತ್ತಿರದಲ್ಲಿದ್ದದ್ದು ಪಕ್ಕದ ಮನೆಯ ಎಮ್ಮೆಯೊಂದೇ. ಎಮ್ಮೆಗೆ ಯಾರೂ ಹೋಳಿಗೆ ಕೊಡುವುದಿಲ್ಲ. ಅದಕ್ಕೇ ಅದು ಆರೋಗ್ಯವಾಗಿತ್ತು.

"ಎಮ್ಮಿ ಎಂಜಲಾ? ನಮ್ಮ ಲಕ್ಷ್ಮಿಗಾ?" ಅತ್ತೆ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತರು. ಗಂಡ ವಾಡಿಕೆಯಂತೆ ಮೊಬೈಲಿಗೆ ಸಿಗ್ನಲ್ ಹುಡುಕುತ್ತ ಅಂಗಳಕ್ಕೆ ಹೋದ. ಗೌರಿ ಒಮ್ಮೆ ನರಳಿತು. ನನ್ನ ಬಾಯಿಂದ ಮಾತು ಹೊರಟೇಬಿಟ್ಟಿತು: "ಎಂಜಲಾ ಅನಬಾರದ್ರೀ ಅತ್ತಿ, ಪ್ರಸಾದ ಅನಬೇಕು." ಮಾತು ನನ್ನದಲ್ಲ. ಮದುವೆಯಾಗಿ ಬಂದ ದಿನ, ಗಂಡ ಉಂಡೆದ್ದ ತಾಟನ್ನು ನನ್ನ ಮುಂದೆ ಸರಿಸಿ ಅತ್ತೆ ಹೇಳಿದ್ದು. ಉಳಿದ ರೊಟ್ಟಿಯ ಅಂಚಿನಲ್ಲಿ ಅವನ ಹಲ್ಲಿನ ಗುರುತಿತ್ತು. ಅಥವಾ ನೆನೆನೆನೆದು ಆ ಗುರುತನ್ನು ನಾನೇ ಮೂಡಿಸಿಕೊಂಡೆನೋ, ಹೇಳಲಾರೆ.

ಅತ್ತೆ ಬಾಗಿಲು ಬಿಟ್ಟು ಸರಿದರು. ಒಳಗಿಂದ ವಿಭೂತಿ ತಂದು, ಎಮ್ಮೆಯ ಬಾಯಿಂದ ನಾನು ತೆಗೆದ ಹಸಿರು ಉಂಡೆಗೆ ಹಚ್ಚಿ, "ಹಂ, ಈಗ ತಿನ್ನಸು" ಎಂದರು. ನಾಲ್ಕಾರು ಸಲ ತಿನ್ನಿಸಿದ ಮೇಲೆ ಗೌರಿ ಎದ್ದು ಮೆಲುಕು ಹಾಕಿತು. ಓಣಿಯಲ್ಲಿ ಕೀರ್ತಿಯೆಲ್ಲ ವಿಭೂತಿಗೆ ಹೋಯಿತು. ಬ್ಯಾಕ್ಟೀರಿಯಾಗಳು ಬೇಸರಪಡಲಿಲ್ಲ; ಅವಕ್ಕೆ ರೂಢಿ.

"ತಾಟಿನ ದಿನಾ ನೀವ ಹಂಗ ಅಂದಿದ್ರಿ" ಎಂದು ಅತ್ತೆಯನ್ನು ಮೆಲ್ಲಗೆ ಕೆಣಕಿದೆ. "ಯಾ ತಾಟು? ನಾ ಯಾವಾಗ ಅಂದೇನಿ?" ಎಂದರು. ಮುಖದಲ್ಲಿ ನಿಜವಾದ ಆಶ್ಚರ್ಯವಿತ್ತು. ಗೌರಿಗೆ ಹೋಳಿಗೆ ಅರಗಿತು, ಅತ್ತೆಗಂತೂ ಆ ತಾಟಿನ ಮಾತು ಎಂದೋ ಅರಗಿದೆ. ಮೆಲುಕು ಹಾಕುತ್ತ ಕೂತವಳು ನಾನೊಬ್ಬಳೇ. ನನಗೆ ಬೇಕಾದ ಪ್ರಸಾದ ಯಾವ ಎಮ್ಮೆಯ ಬಾಯಲ್ಲಿದೆಯೋ!